ಸೂಜಿಗೊಂದು ವ್ಯಾಳ್ಯಾ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಜನ ದವಾಖಾನೆಯಲ್ಲಿ ಸೋಂಕು ಮತ್ತು ಲಸಿಕೆಯ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇವತ್ತು ಸಾವಕಾಶವಾಗಿ ಉತ್ತರ ಹೇಳಬೇಕೆಂದು ಬಂದಿದ್ದೇನೆ. ಅಲ್ಲಿ ಹಿಂದೆ ಪಾಳಿ ನಿಂತಿರುತ್ತದೆ, ಎರಡು ಮಾತಿನಲ್ಲಿ ಮುಗಿಸಬೇಕಾಗುತ್ತದೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಡುತ್ತೇನೆ.

"ಸಾಹೇಬ್ರ, ನಾಯಿ ಕಡದು ನಾಕು ದಿನ ಆತು. ಗಾಯ ಮಾಯಾಕ ಹತ್ತೇತಿ. ಇನ್ನ ಸೂಜಿ ಬೇಕೇನ್ರಿ?"

ಬೇಕು. ಗಾಯ ಮಾಯುವುದಕ್ಕೂ ರೇಬೀಸ್ ಬರುವುದಕ್ಕೂ ಸಂಬಂಧವೇ ಇಲ್ಲ. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ವೈರಸ್ಸು ರಕ್ತದಲ್ಲಿ ಓಡಾಡುವುದಿಲ್ಲ. ಕಡಿದ ಜಾಗದ ನರ ಹಿಡಿದು ಮೆಲ್ಲಗೆ ಮಿದುಳಿನ ಕಡೆಗೆ ಏರುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕಾಲಿಗೆ ಕಡಿದರೆ ದಾರಿ ಉದ್ದ. ಮುಖಕ್ಕೆ, ಕೈಬೆರಳಿಗೆ ಕಡಿದರೆ ರೋಗ ಬೇಗ ಬರುತ್ತದೆ. ಮಕ್ಕಳಿಗೆ ನಾಯಿ ಹೆಚ್ಚಾಗಿ ಮುಖಕ್ಕೇ ಬಾಯಿ ಹಾಕುತ್ತದೆ ಅನ್ನುವುದನ್ನು ನೆನಪಿಡಿ. ಈ ಪಯಣದ ಹೊತ್ತಿನಲ್ಲೇ ನಾವು ಲಸಿಕೆ ಕೊಟ್ಟು ದಾರಿ ಕಟ್ಟಬೇಕು. ನೀರು ಕಂಡರೆ ಗಂಟಲು ಬಿಗಿಯುವುದು, ಗಾಳಿ ಬಡಿದರೆ ಬೆಚ್ಚುವುದು ಶುರುವಾಯಿತೆಂದರೆ ವೈರಸ್ಸು ಮಿದುಳು ಮುಟ್ಟಿತೆಂದು ಅರ್ಥ. ಆಮೇಲೆ ಬೆಂಗಳೂರಿಗೆ ಒಯ್ದರೂ, ಮುಂಬೈಗೆ ಒಯ್ದರೂ ಉಳಿಸುವ ಔಷಧ ಇಲ್ಲ. ಆ ವಾರ್ಡಿನಲ್ಲಿ ನಿಂತ ಯಾವ ವೈದ್ಯರೂ ಆ ಸಾವನ್ನು ಮರೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ಮನೆಯಲ್ಲೇ ಆಗಬೇಕಾದ ಕೆಲಸ: ನಳದ ಕೆಳಗೆ ಗಾಯ ಹಿಡಿದು ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, 15 ನಿಮಿಷ ನೀವು ಅಂದುಕೊಂಡದ್ದಕ್ಕಿಂತ ಬಹಳ ಉದ್ದ. ಸಾಬೂನಿಗೆ ಈ ವೈರಸ್ಸಿನ ಮೇಲಿನ ಕೊಬ್ಬಿನ ಪದರ ಕರಗಿಹೋಗುತ್ತದೆ. ಖಾರದಪುಡಿ, ಸುಣ್ಣ, ಅರಿಷಿಣ, ಚಹಾಪುಡಿ ಒತ್ತಬೇಡಿ. ಒತ್ತಿದರೆ ವೈರಸ್ಸು ಒಳಗಿನ ನರಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ. ನಂತರ ಸರಕಾರಿ ದವಾಖಾನೆಗೆ ಬನ್ನಿ. ಎರಡೂ ರಟ್ಟೆಯ ಚರ್ಮದಲ್ಲಿ ಸಣ್ಣ ಸೂಜಿ; ಬಂದ ದಿನ, ಅಲ್ಲಿಂದ 3ನೇ, 7ನೇ ಮತ್ತು 28ನೇ ದಿನ. ಪುಕ್ಕಟೆ. ಹಳಬರು "ಹೊಕ್ಕುಳ ಸುತ್ತ ಹದಿನಾಕು ಸೂಜಿ ಮಾಡ್ತಾರ" ಎಂದು ಹೆದರಿಸುತ್ತಾರೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ ಅದು 2004ರ ಹೊತ್ತಿಗೇ ನಿಂತುಹೋಯಿತು. ಆ ಲಸಿಕೆ ಹೋಗಿ ಇಪ್ಪತ್ತು ವರ್ಷವಾದರೂ ಅದರ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ.

ರಕ್ತ ಬರುವಂತೆ ಕಡಿದಿದ್ದರೆ ಲಸಿಕೆಯೊಂದೇ ಸಾಲದು. ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನೂ ಚುಚ್ಚಬೇಕು. ಯಾಕೆಂದರೆ ಲಸಿಕೆ ನಮ್ಮ ದೇಹಕ್ಕೆ ಕಲಿಸುವ ಪಾಠ, ಕಲಿಯಲು ಒಂದೆರಡು ವಾರ ಬೇಕು. ಅಲ್ಲಿಯ ತನಕ ಕಾವಲಿಗೆ ಹೊರಗಿನಿಂದ ತಯಾರಾದ ಪ್ರತಿಕಾಯವನ್ನೇ ಕೊಡುವುದು ಈ ಔಷಧದ ಕೆಲಸ. ಇಳಕಲ್ಲಿನವರಿಗೆ ಬೇಗ ತಿಳಿಯುವ ಹಾಗೆ ಹೇಳುತ್ತೇನೆ. ಹೊಸದಾಗಿ ಮಗ್ಗಕ್ಕೆ ಕೂತ ಹುಡುಗ ಮೊದಲ ಸೀರೆಗೆ ಎಷ್ಟು ದಿನ ತೆಗೆದುಕೊಳ್ಳುತ್ತಾನೆ, ಕೈ ಕೂತ ಮೇಲೆ ಎಷ್ಟು ದಿನದಲ್ಲಿ ಇಳಿಸುತ್ತಾನೆ? ದೇಹವೂ ಹಾಗೇ. ರೋಗಾಣುವಿನ ಗುರುತು ಮೊದಲ ಸಲ ಕಲಿಯುವಾಗ ತಡ. ಕಲಿತ ಮೇಲೆ ಅದೇ ರೋಗಾಣು ಬಂದರೆ ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಲಸಿಕೆ ಎಂದರೆ ಆ ಮೊದಲ ಕಲಿಕೆಯನ್ನು ರೋಗ ಬರುವ ಮೊದಲೇ ಮುಗಿಸಿಡುವುದು. ಇವತ್ತು ನಾನು ಹೇಳುವುದರಲ್ಲಿ ಹೆಚ್ಚಿನದು ಈ "ಮೊದಲೇ" ಅನ್ನುವುದರ ಸುತ್ತಲೇ ಇದೆ.

ಬಾದಾಮಿಯಿಂದ ಬಂದವರು ಕೇಳುತ್ತಾರೆ: "ಕಡದಿದ್ದು ನಾಯಿ ಅಲ್ರಿ, ಮಂಗ್ಯಾ." ಮೇಣಬಸದಿಯ ಮೆಟ್ಟಿಲ ಮೇಲೆ ಕೈಯಲ್ಲಿನ ಬಾಳೆಹಣ್ಣು ಕಸಿಯುವ ಮಂಗ ಕಡಿದರೂ, ಪರಚಿದರೂ ನಾಯಿ ಕಡಿದ ಹಾಗೆಯೇ ಲೆಕ್ಕ. ಮನೆಯ ನಾಯಿ ಕಡಿದರೂ, ಕಣ್ಣು ಬಿಟ್ಟು ತಿಂಗಳಾದ ಮರಿ ಕಡಿದರೂ ಸೂಜಿ ಶುರುಮಾಡಿ. ನಾಯಿಯನ್ನು 10 ದಿನ ಕಟ್ಟಿ ನೋಡಬಹುದು, ಅದು ನೆಟ್ಟಗಿದ್ದರೆ ಮುಂದಿನ ಸೂಜಿಯ ವಿಚಾರವನ್ನು ವೈದ್ಯರು ನಿರ್ಧರಿಸುತ್ತಾರೆ. ಆದರೆ ನಾಯಿಯ ಹಾದಿ ಕಾಯುತ್ತ ಮೊದಲ ಸೂಜಿಯನ್ನೇ ಮುಂದೂಡಬೇಡಿ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ ಇದೆ. ಎಮ್ಮೆಗೆ ಹುಚ್ಚುನಾಯಿ ಕಡಿದಿರುತ್ತದೆ. ಅದು ಸತ್ತ ಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ಅದರ ಹಾಲು ಅರ್ಧ ಓಣಿಗೆ ಹೋಗಿರುತ್ತದೆ, ಕೆಲವರು ಗಿಣ್ಣ ತಿಂದಿರುತ್ತಾರೆ. ಓಣಿಗೆ ಓಣಿಯೇ ಟ್ರ್ಯಾಕ್ಟರ್ ಹತ್ತಿ ದವಾಖಾನೆಗೆ ಬರುತ್ತದೆ. ಹೆದರಬೇಡಿ. ಹಾಲಿನಿಂದ ಮನುಷ್ಯರಿಗೆ ರೇಬೀಸ್ ಬಂದದ್ದಕ್ಕೆ ಪುರಾವೆ ಇಲ್ಲ, ಕಾಸಿದ ಹಾಲಿನಲ್ಲಂತೂ ಆ ವೈರಸ್ಸು ಉಳಿಯುವುದೇ ಇಲ್ಲ. ಸೂಜಿ ಬೇಕಾದದ್ದು ಆ ಎಮ್ಮೆಯ ಬಾಯೊಳಗೆ ಕೈ ಹಾಕಿ ಗೊಟ್ಟದಲ್ಲಿ ಔಷಧ ಹಾಕಿದವರಿಗೆ. ಅವರು ಮಾತ್ರ ಮನೆಯಲ್ಲಿ ಉಳಿದಿರುತ್ತಾರೆ!

ಇನ್ನು ಧನುರ್ವಾಯು. ಕುಡುಗೋಲು ತಾಗಿದರೂ, ಜಾಲಿಮುಳ್ಳು ಚುಚ್ಚಿದರೂ "ಒಂದು ಟಿಟಿ ಮಾಡ್ರಿ" ಎನ್ನುತ್ತಾರೆ. ಮೂರು ತಿಂಗಳ ಹಿಂದೆ ಮಾಡಿಸಿಕೊಂಡವರೂ ಮತ್ತೆ ತೋಳು ಚಾಚುತ್ತಾರೆ. ಚಿಕ್ಕಂದಿನ ಡೋಸುಗಳು ಪೂರ್ತಿಯಾಗಿದ್ದು, ಕೊನೆಯದು ಐದು ವರ್ಷದೊಳಗಿದ್ದರೆ ಗಾಯಕ್ಕೆ ಮತ್ತೆ ಬೇಕಿಲ್ಲ. ಮಣ್ಣು ಸಗಣಿ ಸೇರದ ಸಣ್ಣ ಗಾಯಕ್ಕಾದರೆ ಹತ್ತು ವರ್ಷದ ತನಕ ನಡೆಯುತ್ತದೆ. ಈಗ ಸರಕಾರಿ ದವಾಖಾನೆಯಲ್ಲಿ ಕೊಡುವುದು ಬರೀ ಟಿಟಿ ಅಲ್ಲ, ಟಿಡಿ. ಧನುರ್ವಾಯುವಿನ ಜೊತೆಗೆ ಗಂಟಲುಮಾರಿಗೂ ಅದರಲ್ಲಿ ರಕ್ಷಣೆ ಇದೆ. ಗರ್ಭಿಣಿಗೆ ಇದನ್ನು ಕೊಡುವುದರಿಂದ ಹುಟ್ಟುವ ಕೂಸಿಗೂ ರಕ್ಷಣೆ ಸಿಗುತ್ತದೆ. ಹೊಕ್ಕುಳಬಳ್ಳಿಗೆ ಸಗಣಿ, ಬೂದಿ ಹಚ್ಚಿ ವಾರದ ಕೂಸುಗಳನ್ನು ಕಳೆದುಕೊಂಡ ತಾಯಂದಿರು ಈ ನಾಡಿನಲ್ಲಿ ಎಷ್ಟು ಮಂದಿ ಇದ್ದರು! ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಗಿದೆ ಎಂದು ನಮ್ಮ ದೇಶಕ್ಕೆ 2015ರಲ್ಲಿ ಮನ್ನಣೆ ಸಿಕ್ಕಿತು. ಅದು ತಾನಾಗಿ ಆದದ್ದಲ್ಲ. ನಮ್ಮ ಸಿಸ್ಟರುಗಳು ಕೋಲ್ಡ್ ಬಾಕ್ಸ್ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ನಡೆದ ಫಲ.

"ಸಣ್ಣವಿದ್ದಾಗಿನ ಎಲ್ಲಾ ಡೋಸು ಹಾಕ್ಸೇವ್ರಿ. ಸಾಲಿಗೆ ಹೋಗೋ ಹುಡುಗಗ ಮತ್ಯಾಕ?"

ಈ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮಕ್ಕಳು ತಪ್ಪಿಹೋಗುವುದು ಇಲ್ಲೇ. ಒಂದೂವರೆ ತಿಂಗಳು, ಎರಡೂವರೆ, ಮೂರೂವರೆ ತಿಂಗಳ ಡೋಸುಗಳನ್ನು ನಮ್ಮ ತಾಯಂದಿರು ತಪ್ಪಿಸುವುದು ಕಡಿಮೆ. ಒಂದೂವರೆ ವರ್ಷದ್ದು ಅಲ್ಲಲ್ಲಿ ತಪ್ಪುತ್ತದೆ. ಐದಾರು ವರ್ಷದ್ದು, ಹತ್ತು ಮತ್ತು ಹದಿನಾರು ವರ್ಷದ್ದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಗಂಟಲುಮಾರಿಯ ಲಸಿಕೆಯ ಬಲ ವರ್ಷ ಕಳೆದ ಹಾಗೆ ಇಳಿಯುತ್ತದೆ, ಆಗಾಗ ನೆನಪಿಸಬೇಕು. ನಮ್ಮ ತಲೆಮಾರು ಪುಸ್ತಕದಲ್ಲಷ್ಟೇ ಓದುತ್ತೇವೆ ಎಂದುಕೊಂಡಿದ್ದ ಈ ರೋಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮತ್ತೆ ತಲೆಯೆತ್ತಿದೆ. ಈಗ ಸಿಗುವುದು ಹೆಚ್ಚಾಗಿ ಕೂಸುಗಳಲ್ಲಿ ಅಲ್ಲ, ಶಾಲೆಗೆ ಹೋಗುವ ಮಕ್ಕಳಲ್ಲಿ.

ಶುರುವಿನಲ್ಲಿ ಅದು ಸಾದಾ ಗಂಟಲುನೋವು. ಆಮೇಲೆ ಗಂಟಲಲ್ಲಿ ಬೂದುಬಿಳಿ ಪೊರೆ ಕಟ್ಟುತ್ತದೆ, ಕುತ್ತಿಗೆ ಬಾತು ಎತ್ತಿನ ಕುತ್ತಿಗೆಯಂತಾಗುತ್ತದೆ. ಉಸಿರು ಕಟ್ಟುವುದಷ್ಟೇ ಅಪಾಯವಲ್ಲ. ಆ ಪೊರೆಯಿಂದ ಇಳಿಯುವ ವಿಷ ಹೃದಯದ ಸ್ನಾಯುವಿಗೆ ಹೋಗಿ ಕೂರುತ್ತದೆ. ಗಂಟಲು ವಾಸಿಯಾಗಿ, ಮಗು ರೊಟ್ಟಿ ತಿಂದು ಆಡಲು ಶುರುಮಾಡಿದ ಮೇಲೆ, ಎರಡನೇ ವಾರದಲ್ಲಿ, ಹೃದಯ ನಿಲ್ಲಬಹುದು. ಇದಕ್ಕೆ ಕುದುರೆಯ ರಕ್ತಸಾರದಿಂದ ಮಾಡಿದ ಪ್ರತಿವಿಷ ಇದೆ. ಆದರೆ ಅದು ಹಿಡಿದು ಹಾಕುವುದು ರಕ್ತದಲ್ಲಿ ಓಡಾಡುವ ವಿಷವನ್ನು ಮಾತ್ರ. ಹೃದಯಕ್ಕೆ ಅಂಟಿಕೊಂಡದ್ದನ್ನು ಬಿಡಿಸಲು ಅದಕ್ಕೆ ಬರುವುದಿಲ್ಲ. ಮೊದಲ ದಿನ ಕೊಟ್ಟದ್ದಕ್ಕೂ ನಾಲ್ಕನೇ ದಿನ ಕೊಟ್ಟದ್ದಕ್ಕೂ ಅಜಗಜಾಂತರ. ಹಾಗಾಗಿ ಮಗುವಿಗೆ ಗಂಟಲುನೋವು, ಜ್ವರ ಬಂದಾಗ ಬ್ಯಾಟರಿ ಹಿಡಿದು ಗಂಟಲು ನೋಡಿ. ಪೊರೆ ಕಂಡರೆ ಅದೇ ಹೊತ್ತಿಗೆ ಹೊರಡಿ, ಸಂತೆ ಮುಗಿಸಿಕೊಂಡು ಬರುತ್ತೇವೆ ಎನ್ನಬೇಡಿ. ಮತ್ತು ಶಾಲೆಯ ಮಾಸ್ತರರು, ಅಕ್ಕೋರು ಕೇಳುತ್ತಿದ್ದರೆ ನನ್ನ ಕೈಮುಗಿದ ವಿನಂತಿ: ಐದನೆಯ ಮತ್ತು ಹತ್ತನೆಯ ಇಯತ್ತೆಯ ಮಕ್ಕಳಿಗೆ ಡೋಸು ಹಾಕುವ ದಿನ ಯಾರು ಗೈರುಹಾಜರಿ ಎಂದು ಬರೆದಿಟ್ಟುಕೊಂಡು ಅವರ ಮನೆಗೆ ಹೇಳಿ ಕಳಿಸಿ.

ರೋಗವೊಂದು ಕಣ್ಣಿಗೆ ಬೀಳದೇ ಹೋದಾಗ ಅದರ ಲಸಿಕೆಯ ಮೇಲಿನ ಕಾಳಜಿಯೂ ಹೋಗುತ್ತದೆ. ನಮ್ಮ ಹಿರಿಯರ ರಟ್ಟೆ ನೋಡಿ, ದುಂಡನೆಯ ಕಲೆ ಇರುತ್ತದೆ. ಅದು ಮೈಲಿಬೇನೆಯ ಲಸಿಕೆಯದು. ಆ ಲಸಿಕೆ ದೂರದಿಂದ ಬರುತ್ತಿರಲಿಲ್ಲ. ಬೆಳಗಾವಿಯ ತಿಳಕವಾಡಿಯಲ್ಲಿ ಇಂದಿಗೂ ಜನ "ವ್ಯಾಕ್ಸಿನ್ ಡಿಪೋ" ಎಂದು ಕರೆಯುವ ಮರಗಳ ತೋಪಿದೆಯಲ್ಲ, ಅಲ್ಲಿನ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ದೇಶದಲ್ಲಿ ಒಣಪುಡಿಯ ಮೈಲಿಬೇನೆ ಲಸಿಕೆ ಮಾಡುತ್ತಿದ್ದ ನಾಲ್ಕೇ ಜಾಗಗಳಲ್ಲಿ ಅದೂ ಒಂದು. 1975ರ ನಂತರ ನಮ್ಮ ದೇಶದಲ್ಲಿ ಆ ಬೇನೆ ಇಲ್ಲ, 1980ರಲ್ಲಿ ಜಗತ್ತೇ ಮುಕ್ತವಾಯಿತೆಂದು ಘೋಷಣೆಯಾಯಿತು. ಮುಖದ ತುಂಬ ಕಲೆ ಉಳಿದವರು, ಕಣ್ಣು ಕಳೆದುಕೊಂಡವರು ಹಿಂದೆ ಪ್ರತಿ ಊರಲ್ಲೂ ಇದ್ದರು. ಈಗಿನ ತಾಯಂದಿರು ಅವರನ್ನು ಕಂಡಿಲ್ಲ. ಕಾಣದೇ ಇರುವುದು ಅವರ ಪುಣ್ಯ, ಅದನ್ನು ಕಟ್ಟಿಕೊಟ್ಟದ್ದು ಆ ಡಿಪೋ.

ಇಳಕಲ್ಲಿನ ಒಬ್ಬ ತಾಯಿ ಕೇಳಿದ ಮಾತು ನ್ಯಾಯವಾದದ್ದು. "ಡೋಸ್ ಹಾಕ್ಸಿದ ರಾತ್ರಿ ಕೂಸು ಸುಡಸುಡ ಅಂತೇತ್ರಿ, ತೊಡಿ ಬಾತಿರತೇತಿ, ಮುಟ್ಟಗೊಡಂಗಿಲ್ಲ. ಮರುದಿನ ನಂದೂ ಕೆಲಸಿಲ್ಲ, ಅವರ ಮಗ್ಗಾನೂ ನಿಂತಿರತೇತಿ." ಸೀರೆ ಇಳಿದರೆ ಮಾತ್ರ ಕೂಲಿ ಸಿಗುವ ಮನೆಯಲ್ಲಿ ಒಂದು ದಿನ ಅಂದರೆ ಒಂದು ದಿನವೇ. ಅದನ್ನು ಸಣ್ಣದೆಂದು ನಾವು ಹೇಳಬಾರದು. ಆ ಜ್ವರ ಹೆಚ್ಚಾಗಿ ನಾಯಿಕೆಮ್ಮಿನ ಲಸಿಕೆಯಿಂದ ಬರುತ್ತದೆ. ದೇಹ ಪಾಠ ಕಲಿಯುತ್ತಿರುವುದರ ಕಾವು ಅದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಿಸ್ಟರು ಹೇಳಿದ ಅಳತೆಯ ಪ್ಯಾರಾಸಿಟಮಾಲ್ ಕೊಡಿ, ಮೊಲೆಹಾಲು ಬಿಡಿಸಬೇಡಿ, ತೊಡೆ ತಿಕ್ಕಬೇಡಿ, ಬಿಸಿ ಕಾವು ಕೊಡಬೇಡಿ. ಡೋಸಿನ ನಂತರ ಅರ್ಧ ತಾಸು ಅಲ್ಲೇ ಕೂರಲು ಹೇಳುವುದು ಅಪರೂಪಕ್ಕೆ ಆಗುವ ತೀವ್ರ ಅಲರ್ಜಿಗಾಗಿ. ಅಂಥದ್ದು ಆದರೆ ಚಿಕಿತ್ಸೆ ಕೈಯಲ್ಲೇ ಇರಲಿ ಎಂದು. ಮೂರು ತಾಸು ಬಿಡದೆ ಅತ್ತರೆ, ಝಟಕೆ ಬಂದರೆ ದವಾಖಾನೆಗೆ ತನ್ನಿ, ಮುಂದಿನ ಡೋಸಿನ ಮೊದಲು ಅದನ್ನು ಹೇಳಿ. ಬರೀ ನೆಗಡಿ, ಸಣ್ಣ ಕೆಮ್ಮಿದ್ದರೆ ಡೋಸು ಮುಂದೂಡುವ ಅಗತ್ಯವಿಲ್ಲ.

ಹುನಗುಂದ, ಬಾದಾಮಿ ಹಳ್ಳಿಗಳಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುವವರ ಪ್ರಶ್ನೆ ಬೇರೆ. "ತಾಯಿ ಕಾರ್ಡು ಊರಾಗ ಉಳೀತ್ರಿ. ಎರಡು ಡೋಸು ತಪ್ಪ್ಯಾವು. ಮತ್ತ ಮೊದಲಿಂದ ಹಾಕ್ತೀರೇನು?" ಇಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ. ದೇಹ ಕಲಿತದ್ದನ್ನು ಅಷ್ಟು ಬೇಗ ಮರೆಯುವುದಿಲ್ಲ. ದೇಶದ ಯಾವ ಸರಕಾರಿ ಲಸಿಕೆ ಕೇಂದ್ರದಲ್ಲೂ ನಿಮ್ಮ ಮಗುವಿಗೆ ಪುಕ್ಕಟೆ ಡೋಸು ಸಿಗುತ್ತದೆ, ಆಧಾರ್ ಯಾವ ಊರಿನದಾದರೂ ಸರಿ. ಬಸ್ಸು ಹತ್ತುವ ಮೊದಲು ಕಾರ್ಡಿನ ಎರಡೂ ಬದಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕುರಿ ಹಿಂದೆ ತಿಂಗಳುಗಟ್ಟಲೆ ತಿರುಗುವ ಮನೆತನಗಳಿಗೂ ಇದೇ ಮಾತು. ಹಟ್ಟಿ ಯಾವ ಊರ ಹೊಲದಲ್ಲಿದೆಯೋ ಆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ದಡಾರಕ್ಕೆ ನಮ್ಮಲ್ಲಿ ಗೊಬ್ಬರ ಎನ್ನುತ್ತಾರೆ. "ಅವ್ವ ಬಂದಾಳ, ದವಾಖಾನಿಗೆ ತರಬಾರದು" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಬೇವು ಕಟ್ಟಿ, ದ್ಯಾಮವ್ವನಿಗೆ ನಡೆದುಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. ಹೊರಗಿನವರು ಆ ಮನೆಗೆ ಹೋಗದಂತೆ ಬೇವಿನ ಸೊಪ್ಪು ತಡೆಯುವುದು ಒಳ್ಳೆಯದೇ, ಏಕೆಂದರೆ ಲಸಿಕೆಯಿಲ್ಲದವರ ನಡುವೆ ಒಂದು ಮಗುವಿನಿಂದ 12ರಿಂದ 18 ಮಂದಿಗೆ ಇದು ಹರಡಬಲ್ಲದು. ಆದರೆ ಮಗುವನ್ನು ತೋರಿಸಿ. ವೈದ್ಯರು ಸತತ ಎರಡು ದಿನ ಕೊಡುವ ವಿಟಮಿನ್ 'ಎ' ಕಣ್ಣನ್ನೂ ಜೀವವನ್ನೂ ಕಾಯುತ್ತದೆ. ಈ ರೋಗದ ಇನ್ನೊಂದು ಕೆಡುಕು ಈಚಿನ ವರ್ಷಗಳಲ್ಲಿ ಸ್ಪಷ್ಟವಾಗಿದೆ: ಬೇರೆ ರೋಗಗಳ ಬಗ್ಗೆ ದೇಹ ಕಲಿತಿಟ್ಟುಕೊಂಡ ಪಾಠವನ್ನೂ ದಡಾರ ಅಳಿಸಿಹಾಕುತ್ತದೆ. ಗೊಬ್ಬರ ಎದ್ದು ಹೋದ ಮೇಲೆ ತಿಂಗಳುಗಟ್ಟಲೆ ಮಗು ಭೇದಿ, ನ್ಯುಮೋನಿಯಾ ಎಂದು ಸೊರಗುವುದು ಇದಕ್ಕೇ. 9 ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು, ಹೀಗೆ ಎರಡು ಡೋಸು ಆಗಲೇಬೇಕು.

ಅದೇ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಮೆದುಳುಜ್ವರದ ಲಸಿಕೆಯನ್ನೂ ಕೊಡುತ್ತಾರೆ. 2022ರ ಡಿಸೆಂಬರಿನಲ್ಲಿ ಬಾಗಲಕೋಟೆ ಸೇರಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ನಡೆದದ್ದು ನಿಮಗೆ ನೆನಪಿರಬಹುದು. "ನಮ್ಮಂಥ ಒಣಭೂಮಿಗೆ ಯಾಕ್ರಿ ಅದು?" ಎಂದವರಿದ್ದಾರೆ. ಕಾಲುವೆ, ಹಿನ್ನೀರಿನ ಅಂಚು, ನೀರು ನಿಂತ ಹೊಲ ಇದ್ದಲ್ಲಿ ಆ ರೋಗದ ಸೊಳ್ಳೆ ಇರುತ್ತದೆ. ಹಂದಿ, ಕೊಕ್ಕರೆಗಳಿಂದ ಅದು ವೈರಸ್ಸನ್ನು ತರುತ್ತದೆ. ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂರೂ ಹರಿಯುವ ಜಿಲ್ಲೆಯನ್ನು ಈಗ ಪೂರ್ತಿ ಒಣಭೂಮಿ ಎನ್ನಲು ಬರುವುದಿಲ್ಲ.

ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವ ಒಬ್ಬರ ಪ್ರಶ್ನೆ: "ಹುಟ್ಟಿದಾಗ ಬಿಸಿಜಿ ಹಾಕ್ಯಾರ, ಕಲೆ ಐತಿ ನೋಡ್ರಿ. ಮತ್ತ ಟಿಬಿ ಹೆಂಗ ಬಂತು?" ಬಿಸಿಜಿಯ ಕೆಲಸ ಎಳೆಯ ಮಕ್ಕಳನ್ನು ಮಿದುಳಿನ ಕ್ಷಯದಿಂದ, ಮೈತುಂಬ ಹರಡುವ ಕ್ಷಯದಿಂದ ಕಾಯುವುದು. ಅದನ್ನು ಚೆನ್ನಾಗಿ ಮಾಡುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯುವಷ್ಟು ಅದಕ್ಕೆ ಶಕ್ತಿ ಇಲ್ಲ. ಕಲ್ಲಿನ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತವರಿಗಂತೂ ಕ್ಷಯ ಬೇಗ ಹತ್ತುತ್ತದೆ. ಹಾಗಾಗಿ ಕಲ್ಲು ಕೊರೆಯುವಾಗ ನೀರು ಬಿಡುವುದು, ಮುಖಕ್ಕೆ ಸರಿಯಾದ ಮಾಸ್ಕು ಕೊಡುವುದು ಮಾಲೀಕರ ಜವಾಬ್ದಾರಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಔಷಧ ಪುಕ್ಕಟೆ, ಊಟಕ್ಕೆಂದು ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. ಮೈ ಹಗುರಾಯಿತೆಂದು ಎರಡನೇ ತಿಂಗಳಿಗೆ ಗುಳಿಗೆ ಬಿಡುವುದೇ ದೊಡ್ಡ ಅಪಾಯ.

ಕೋವಿಡ್ ಲಸಿಕೆಯಿಂದ ಹರೆಯದವರಿಗೆ ಹೃದಯಾಘಾತವಾಗುತ್ತಿದೆಯೇ ಎಂದು ಈಗಲೂ ಕೇಳುತ್ತಾರೆ. ಮೊಬೈಲಿನಲ್ಲಿ ಬಂದದ್ದನ್ನು ತೋರಿಸುತ್ತಾರೆ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ಅಪರೂಪವಾಗಿ ರಕ್ತ ಹೆಪ್ಪುಗಟ್ಟಿದ್ದು ನಿಜ. ಅದು ಲಸಿಕೆ ಪಡೆದ ಮೊದಲ ಕೆಲವು ವಾರಗಳಲ್ಲಿ ಆಗುವಂಥದ್ದು, ವರ್ಷಗಳ ನಂತರ ಅಲ್ಲ. 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ ನಡೆಸಿದ ಅಧ್ಯಯನದಲ್ಲಿ ಲಸಿಕೆ ಕಾರಣವೆಂದು ಕಾಣಲಿಲ್ಲ. ಕಂಡದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿದ್ದು, ವಿಪರೀತ ಕುಡಿತ, ಅಳತೆ ಮೀರಿದ ದೈಹಿಕ ಶ್ರಮ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಗದ್ದಲವಾದಾಗ ನಮ್ಮ ರಾಜ್ಯದ ತಜ್ಞರ ಸಮಿತಿಗೂ ಲಸಿಕೆಯ ಸಂಬಂಧ ಕಾಣಲಿಲ್ಲ. ಎದೆನೋವು ಬಂದವರು ಲಸಿಕೆಯನ್ನು ಬೈಯುತ್ತ ಮನೆಯಲ್ಲಿ ಕೂರದೆ ಇಸಿಜಿ ಮಾಡಿಸಿ, ತಂಬಾಕು ಬಿಡಿ.

ನೆಗಡಿಜ್ವರಕ್ಕೆ "ಸಲಾಯಿನ್ ಹಚ್ಚರಿ, ಪವರ್ ಗುಳಿಗಿ ಕೊಡ್ರಿ" ಎನ್ನುವವರಿಗೆ ಚುಟುಕಾಗಿ: ವೈರಸ್ಸಿನ ಜ್ವರಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಡೆಂಗಿ ಇದ್ದಾಗ ಬ್ರೂಫೆನ್‌ನಂಥ ನೋವಿನ ಗುಳಿಗೆಯಿಂದ ರಕ್ತಸ್ರಾವ ಹೆಚ್ಚಬಹುದು, ಕೇಳದೆ ನುಂಗಬೇಡಿ. ನಳ ದಿನಾ ಬಾರದ ಊರುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಡೆಂಗಿಯ ಸೊಳ್ಳೆ ಅದರಲ್ಲಿ ಮೊಟ್ಟೆಯಿಡದಂತೆ ಡ್ರಮ್ಮಿಗೆ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ.

ಕೊನೆಯ ಪ್ರಶ್ನೆಯನ್ನು ಜನ ಎಲ್ಲರೂ ಹೊರಗೆ ಹೋದ ಮೇಲೆ, ದನಿ ತಗ್ಗಿಸಿ ಕೇಳುತ್ತಾರೆ. "ಎಲ್ಲಾದಕ್ಕೂ ಸೂಜಿ ಬಂದಾವು. ಎಚ್‌ಐವಿಗೆ ಯಾಕ ಬಂದಿಲ್ರಿ?" ಈ ಪ್ರಶ್ನೆ ನಮ್ಮ ಜಿಲ್ಲೆಗೆ ದೂರದ್ದಲ್ಲ. 2003ರ ಸುಮಾರಿಗೆ ಇಲ್ಲಿ ಸಾಮಾನ್ಯ ಜನರಲ್ಲೇ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡಿತ್ತು. ಮನೆಮನೆಯಲ್ಲಿ ಹರೆಯದವರು ಹೋದರು, ಅಜ್ಜಿಯರು ಮೊಮ್ಮಕ್ಕಳನ್ನು ಸಾಕಿದರು. ಸೋಂಕಿತ ಮಹಿಳೆಯರೇ, ಲೈಂಗಿಕ ವೃತ್ತಿಯ ತಾಯಂದಿರೇ ಸಂಘ ಕಟ್ಟಿಕೊಂಡು ಊರೂರು ತಿರುಗಿ ಕೆಲಸ ಮಾಡಿದರು. ಅವರ ಋಣ ಈ ಜಿಲ್ಲೆಯ ಮೇಲಿದೆ, ಅದನ್ನು ನಾವು ಬಾಯಿಬಿಟ್ಟು ಹೇಳಿದ್ದು ಕಡಿಮೆ.

ಲಸಿಕೆ ಬಂದಿಲ್ಲದ್ದಕ್ಕೆ ಕಾರಣ, ಆ ವೈರಸ್ಸು ತನ್ನ ಹೊರರೂಪವನ್ನು ಸದಾ ಬದಲಿಸುತ್ತದೆ. ದೇಹ ಒಂದು ಗುರುತು ಕಲಿಯುವಷ್ಟರಲ್ಲಿ ಅದು ಬೇರೆಯೇ ಆಗಿರುತ್ತದೆ. ಮೇಲಾಗಿ, ಪಾಠ ಕಲಿಯಬೇಕಾದ ಜೀವಕಣಗಳೊಳಗೇ ಹೋಗಿ ಅಡಗುತ್ತದೆ. ದೊಡ್ಡ ದೊಡ್ಡ ಪ್ರಯೋಗಗಳು ಫಲ ಕಾಣದೆ ನಿಂತಿವೆ. ಆದರೆ ಲಸಿಕೆ ಇಲ್ಲದಿದ್ದರೂ ಇಲ್ಲಿಯೂ ಹೊತ್ತಿಗೆ ಬೆಲೆ ಇದೆ. 2004ರಿಂದ ಎಆರ್‌ಟಿ ಗುಳಿಗೆ ಸರಕಾರದಿಂದ ಪುಕ್ಕಟೆ. ದಿನವೂ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ಸು ಕಾಣದಷ್ಟು ಇಳಿದವರಿಂದ ಗಂಡನಿಗೆ, ಹೆಂಡತಿಗೆ ಅದು ದಾಟುವುದಿಲ್ಲ. ಸೋಂಕಿರುವ ತಾಯಿಗೆ ಔಷಧ ಸಿಗದಿದ್ದರೆ ಸುಮಾರು ಮೂರರಲ್ಲಿ ಒಂದು ಕೂಸಿಗೆ ಸೋಂಕು ಹೋಗಬಹುದು. ಬಸುರಿದ್ದಾಗಲೇ ಗುಳಿಗೆ ಶುರುವಾಗಿ, ಹುಟ್ಟಿದ ಕೂಸಿಗೂ ಔಷಧ ಕೊಟ್ಟರೆ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಸೊಸೆಗೆ ಮೂರನೇ ತಿಂಗಳೊಳಗೆ ರಕ್ತ ಪರೀಕ್ಷೆ ಮಾಡಿಸಿ, ಮಗನದ್ದೂ ಮಾಡಿಸಿ. ಸೂಜಿ ಚುಚ್ಚಿಕೊಂಡ ನರ್ಸು, ದವಾಖಾನೆಯ ಕಸ ಎತ್ತುವ ಕೆಲಸಗಾರ, ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳು, ಇವರಿಗೆ 72 ತಾಸಿನೊಳಗೆ ಶುರುಮಾಡಿ 28 ದಿನ ನುಂಗುವ ಔಷಧ ಇದೆ. ಸರಕಾರಿ ಆಸ್ಪತ್ರೆಯಲ್ಲಿ ರಾತ್ರಿಯಾದರೂ ಕೇಳಿ. ಎಲ್ಲಿ ಸಿಗುತ್ತದೆಂದು ಗೊತ್ತಾಗದಿದ್ದರೆ 104ಕ್ಕೆ ಫೋನ್ ಮಾಡಿ ವಿಚಾರಿಸಿ.